ಯಾವ ಕಡತ ಒಳಗೆ ಬರಬೇಕು

ಪತ್ರಿಕೆ, ವಿಶ್ವವಿದ್ಯಾಲಯ, ಗ್ರಂಥಾಲಯ ಅಥವಾ ಸರ್ಕಾರಿ ಇಲಾಖೆಯ ಜಾಲತಾಣವನ್ನು ಒಂದೊಂದೇ ಪುಟವಾಗಿ ಕೈಯಿಂದ ಬರೆದು ಕಟ್ಟುವ ರೂಢಿ ಈಗ ಹೆಚ್ಚುಕಡಿಮೆ ನಿಂತೇಹೋಗಿದೆ. ಬರಹ, ಚಿತ್ರ, ಧ್ವನಿ ಮತ್ತು ದಾಖಲೆಗಳನ್ನು ಒಂದೆಡೆ ಸಂಗ್ರಹಿಸಿಟ್ಟು, ಓದುಗ ಕೇಳಿದಾಗ ಅವುಗಳನ್ನು ಪುಟದ ರೂಪಕ್ಕೆ ಹೊಂದಿಸಿ ತೋರಿಸುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು; ಬಳಸುವವರ ಬಾಯಲ್ಲಿ ಅದು ಸಿಎಂಎಸ್. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ, ವಿಕಿಪೀಡಿಯಾವನ್ನು ನಡೆಸುವ ಮೀಡಿಯಾವಿಕಿ ಇವೆಲ್ಲ ಈ ಜಾತಿಗೆ ಸೇರಿದವು. ಇಂತಹ ಪ್ರತಿಯೊಂದು ವ್ಯವಸ್ಥೆಯ ಒಳಗೂ, ಯಾವ ಬಗೆಯ ಕಡತಗಳನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬುದನ್ನು ಹೇಳುವ ಒಂದು ಪಟ್ಟಿ ಇರುತ್ತದೆ. ಡ್ರೂಪಲ್‌ನಲ್ಲಾದರೆ ಅದು ಜೆಪಿಜಿ, ಪಿಎನ್‌ಜಿ, ಪಿಡಿಎಫ್ ಮುಂತಾದ ಸಂಕ್ಷೇಪಗಳನ್ನು ಸಾಲಾಗಿ ತುಂಬಿದ ಒಂದು ಸಣ್ಣ ಪೆಟ್ಟಿಗೆ. ತಾಣವನ್ನು ಸ್ಥಾಪಿಸುವ ತಂತ್ರಜ್ಞ ಅದನ್ನು ಒಮ್ಮೆ ತುಂಬಿ ಮರೆಯುತ್ತಾನೆ. ಸಂಪಾದಕರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಸಂಸ್ಥೆಯೊಂದು ಏನನ್ನು ಸಂಗ್ರಹಿಸುತ್ತದೆ, ಅದನ್ನು ಎಷ್ಟು ಕಾಲ ಉಳಿಸಿಕೊಳ್ಳುತ್ತದೆ, ಯಾರ ಕೈಗೆ ಯಾವ ರೂಪದಲ್ಲಿ ಕೊಡುತ್ತದೆ ಎಂಬ ಸಂಪಾದಕೀಯ ನಿರ್ಣಯಗಳೆಲ್ಲ ಆ ಪೆಟ್ಟಿಗೆಯಲ್ಲಿ ಅಡಗಿರುವುದರಿಂದ, ಅದನ್ನು ಕೇವಲ ತಂತ್ರಜ್ಞರ ಪಾಲಿಗೆ ಬಿಡುವುದು ಸರಿಯಲ್ಲ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಕಡತದೊಳಗಿನ ಬೈಟ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಲಾಗಿದೆ ಎಂಬುದು ಮೊದಲನೆಯದು, ಇದಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ಆ ಕಡತ ತಾಣದ ದೃಷ್ಟಿಯಲ್ಲಿ ಎಂತಹ ವಸ್ತು, ಅದರ ಬಗ್ಗೆ ಏನೇನು ದಾಖಲಾಗಬೇಕು ಎಂಬುದು ಎರಡನೆಯದು, ಇದನ್ನು ಡ್ರೂಪಲ್ ಮೀಡಿಯಾ ಟೈಪ್ ಎಂದು, ಅಂದರೆ ಮಾಧ್ಯಮ ಪ್ರಕಾರವೆಂದು ಕರೆಯುತ್ತದೆ. ಒಂದೇ ಫಾರ್ಮ್ಯಾಟಿನ ಕಡತಗಳು ಹಲವು ಪ್ರಕಾರಗಳಿಗೆ ಸೇರಬಹುದು, ಒಂದೇ ಪ್ರಕಾರದಲ್ಲಿ ಹಲವು ಫಾರ್ಮ್ಯಾಟ್‌ಗಳು ಇರಬಹುದು. ಸಂರಚನೆಯಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೆಂದು ಭಾವಿಸುವುದರಿಂದಲೇ ಹುಟ್ಟುತ್ತವೆ.

ಮೊದಲು ಫಾರ್ಮ್ಯಾಟಿನ ವಿಚಾರ. ಬಂದ ಕಡತ ನಿಜಕ್ಕೂ ಏನೆಂದು ತಿಳಿಯಲು ಸರ್ವರ್‌ನ ಮುಂದೆ ಮೂರು ಸಾಕ್ಷ್ಯಗಳಿರುತ್ತವೆ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳು, ಅಂದರೆ ವಿಸ್ತರಣೆ, ಮೊದಲನೆಯ ಸಾಕ್ಷ್ಯ; ಅದನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಅದು ಅತ್ಯಂತ ದುರ್ಬಲವಾದದ್ದೂ ಹೌದು. ಕಡತವನ್ನು ಕಳುಹಿಸುವ ಬ್ರೌಸರ್ ಜೊತೆಯಲ್ಲೇ ಕಳುಹಿಸುವ ಘೋಷಣೆ ಎರಡನೆಯದು. ಇದು ‘ಇಮೇಜ್/ಜೆಪೆಗ್’, ‘ಆಡಿಯೋ/ಎಂಪೆಗ್’, ‘ಅಪ್ಲಿಕೇಷನ್/ಪಿಡಿಎಫ್’ ಎಂಬಂತೆ ಓರೆಗೆರೆಯ ಎರಡು ಬದಿಯಲ್ಲಿ ವರ್ಗ ಮತ್ತು ಉಪವರ್ಗಗಳನ್ನು ಹೇಳುತ್ತದೆ, ಮತ್ತು ಮೈಮ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಜಾಲದ ಪುಟಗಳಿಗಾಗಿ ಹುಟ್ಟಿದ ಏರ್ಪಾಡು ಇದಲ್ಲ. ಅಮೆರಿಕದ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅದನ್ನು ರೂಪಿಸಿದ್ದು ಇಮೇಲ್‌ಗಾಗಿ. ಬರೀ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸುತ್ತಿದ್ದ ಅಂದಿನ ಇಮೇಲ್‌ಗೆ ಚಿತ್ರವನ್ನೂ ಧ್ವನಿಯನ್ನೂ ಇತರ ಲಿಪಿಗಳನ್ನೂ ಹೊರುವ ಶಕ್ತಿ ಬರಲಿ ಎಂಬುದು ಅವರ ಉದ್ದೇಶವಾಗಿತ್ತು. 1992ರ ಜೂನ್‌ನಲ್ಲಿ ಅದರ ಮೊದಲ ನಿರೂಪಣೆ ಹೊರಬಂದಿತು, 1996ರಲ್ಲಿ ಪರಿಷ್ಕೃತ ರೂಪ ಬಂದಿತು. ಆಗಷ್ಟೇ ಕಣ್ತೆರೆಯುತ್ತಿದ್ದ ವೆಬ್ ಅದನ್ನು ಹಾಗೆಯೇ ಎರವಲು ಪಡೆಯಿತು. ಇಂದು ಈ ಹೆಸರುಗಳ ಅಧಿಕೃತ ಪಟ್ಟಿಯನ್ನು ಐಎಎನ್ಎ ಎಂಬ ಅಂತರರಾಷ್ಟ್ರೀಯ ನೋಂದಣಿ ವ್ಯವಸ್ಥೆ ನೋಡಿಕೊಳ್ಳುತ್ತದೆ. ಮೇಲ್ವರ್ಗಗಳು ಸುಲಭವಾಗಿ ಹೆಚ್ಚುವುದಿಲ್ಲ ಎಂಬುದಕ್ಕೆ, ಅಕ್ಷರಶೈಲಿಗಳಿಗಾಗಿ ‘ಫಾಂಟ್’ ಎಂಬ ಪ್ರತ್ಯೇಕ ವರ್ಗ ದೊರೆತದ್ದು 2017ರಲ್ಲಿ ಎಂಬುದೇ ಸಾಕ್ಷಿ. ಬ್ರೌಸರ್ ಈ ಘೋಷಣೆಯನ್ನು ಸಾಮಾನ್ಯವಾಗಿ ಕಡತದ ವಿಸ್ತರಣೆಯನ್ನೇ ನೋಡಿ ಬರೆಯುತ್ತದೆಯಾದ್ದರಿಂದ, ಎರಡನೆಯ ಸಾಕ್ಷ್ಯ ಅನೇಕ ಸಲ ಮೊದಲನೆಯದರ ಪ್ರತಿಧ್ವನಿ ಮಾತ್ರ.

ಮೂರನೆಯ ಸಾಕ್ಷ್ಯ ಕಡತದ ಒಡಲಲ್ಲೇ ಇದೆ. ಬಹುತೇಕ ಫಾರ್ಮ್ಯಾಟ್‌ಗಳು ತಮ್ಮ ಆರಂಭದ ಕೆಲವು ಬೈಟ್‌ಗಳನ್ನು ಗುರುತಿಗಾಗಿ ಮೀಸಲಿಡುತ್ತವೆ. ಜೆಪೆಗ್ ಚಿತ್ರದ ಮೊದಲ ಮೂರು ಬೈಟ್‌ಗಳು 255, 216, 255. ಪಿಡಿಎಫ್ ಕಡತ ಶೇಕಡಾ ಚಿಹ್ನೆಯ ಮುಂದೆ ತನ್ನ ಹೆಸರಿನ ಮೂರು ಅಕ್ಷರಗಳನ್ನೇ ಬರೆದುಕೊಂಡು ಆರಂಭವಾಗುತ್ತದೆ. ಜಿಪ್ ಕಡತದ ಮೊದಲ ಎರಡು ಅಕ್ಷರಗಳು ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಇವುಗಳಲ್ಲಿ ಅತ್ಯಂತ ಜಾಣತನದ್ದು ಪಿಎನ್‌ಜಿಯ ಗುರುತು. ಅದರಲ್ಲಿ ಎಂಟು ಬೈಟ್‌ಗಳಿವೆ: 137, 80, 78, 71, 13, 10, 26, 10. ನಡುವಿನ 80, 78, 71 ಪಿಎನ್‌ಜಿ ಎಂಬ ಅಕ್ಷರಗಳು. ಉಳಿದ ಐದೂ ಒಂದೊಂದು ಕಾವಲಿಗೆ ನಿಂತಿವೆ. ಏಳೇ ಬಿಟ್‌ಗಳನ್ನು ಸಾಗಿಸುವ ಹಳೆಯ ಮಾರ್ಗದಲ್ಲಿ ಕಡತ ಹಾದುಬಂದಿದ್ದರೆ 127ಕ್ಕಿಂತ ದೊಡ್ಡದಾದ ಮೊದಲ ಬೈಟ್ ಕೆಟ್ಟಿರುತ್ತದೆ. ಸಾಲುಮುರಿಯುವ ಚಿಹ್ನೆಗಳನ್ನು ಒಂದು ಕಾರ್ಯವ್ಯವಸ್ಥೆಯಿಂದ ಇನ್ನೊಂದಕ್ಕೆ ಬದಲಿಸುವ ಭರದಲ್ಲಿ ಯಾವುದೋ ತಂತ್ರಾಂಶ ಚಿತ್ರವನ್ನೂ ಬರಹವೆಂದು ತಿಳಿದು ತಿದ್ದಿದ್ದರೆ 13 ಮತ್ತು 10ರ ಜೋಡಿಯೋ ಕೊನೆಯ ಒಂಟಿ 10 ಅಂಕಿಯೋ ಬದಲಾಗಿರುತ್ತದೆ. ಹಳೆಯ ಡಾಸ್ ವ್ಯವಸ್ಥೆಯಲ್ಲಿ ಕಡತದ ಅಂತ್ಯವನ್ನು ಸೂಚಿಸುತ್ತಿದ್ದ 26, ಯಾರಾದರೂ ಚಿತ್ರವನ್ನು ಬರಹದಂತೆ ತೆರೆದರೆ ಪರದೆಯ ತುಂಬ ಕಸ ಹರಿಯದಂತೆ ಅಲ್ಲಿಗೇ ತಡೆಯುತ್ತದೆ. 1990ರ ದಶಕದ ಜಾಲ ಎಷ್ಟು ಬಗೆಯಲ್ಲಿ ಕಡತಗಳನ್ನು ಕೆಡಿಸಬಲ್ಲುದಾಗಿತ್ತು ಎಂಬುದರ ಚರಿತ್ರೆಯೇ ಈ ಎಂಟು ಅಂಕಿಗಳಲ್ಲಿದೆ.

ಆದರೂ ಈ ಮೂರನೆಯ ಸಾಕ್ಷ್ಯವನ್ನು ನೆಚ್ಚಿ ಕೂರುವಂತಿಲ್ಲ. ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಓಡಿಟಿ, ಇಪಬ್ ಇವೆಲ್ಲವೂ ಒಳಗೆ ಜಿಪ್ ಕಡತಗಳೇ ಆದ್ದರಿಂದ ಆರಂಭದ ಬೈಟ್‌ಗಳಿಂದ ಅವುಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಅಂಕಿಅಂಶಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆಯುವ ಸಿಎಸ್‌ವಿ ಕಡತಕ್ಕೆ ಗುರುತಿನ ಬೈಟ್‌ಗಳೇ ಇಲ್ಲ; ಪರೀಕ್ಷಕ ತಂತ್ರಾಂಶ ಅದನ್ನು ಸಾದಾ ಬರಹ ಎಂದು ವರದಿ ಮಾಡುತ್ತದೆ, ಅದನ್ನು ಅಕ್ಷರಶಃ ನಂಬುವ ತಾಣ ಸಾಚಾ ಕಡತವನ್ನೇ ಹೊರಗೆ ಹಾಕುತ್ತದೆ. ಇನ್ನು ಜಿಪ್ ತನ್ನ ವಿಷಯಸೂಚಿಯನ್ನು ಕಡತದ ಕೊನೆಯಲ್ಲಿ ಇಟ್ಟುಕೊಳ್ಳುವುದರಿಂದ, ಜಿಫ್ ಚಿತ್ರವಾಗಿ ಆರಂಭವಾಗಿ ಜಿಪ್ ಆಗಿ ಮುಗಿಯುವ, ಎರಡೂ ತಂತ್ರಾಂಶಗಳಲ್ಲಿ ಸರಿಯಾಗಿಯೇ ತೆರೆದುಕೊಳ್ಳುವ ಉಭಯವೇಷದ ಕಡತವನ್ನು ತಯಾರಿಸುವುದು ಕಷ್ಟವೇನಲ್ಲ. ಹೀಗಾಗಿ ಎಚ್ಚರವುಳ್ಳ ವ್ಯವಸ್ಥೆ ಮೂರು ಸಾಕ್ಷ್ಯಗಳನ್ನೂ ಕೇಳಿ, ಅವು ತಮ್ಮೊಳಗೆ ಹೊಂದುತ್ತವೆಯೇ ಎಂದು ನೋಡುತ್ತದೆ, ಹೊಂದಿದ ಮೇಲೂ ಪೂರ್ತಿ ನಂಬುವುದಿಲ್ಲ.

ಈ ಅಪನಂಬಿಕೆ ಅನುಭವದಿಂದ ಬಂದದ್ದು. ಬಹುಪಾಲು ಸಿಎಂಎಸ್‌ಗಳು ಪಿಎಚ್‌ಪಿ ಭಾಷೆಯಲ್ಲಿ ಬರೆದವು. ಅಪರಿಚಿತನೊಬ್ಬ ಚಿತ್ರದ ಹೆಸರಿನಲ್ಲಿ ಪಿಎಚ್‌ಪಿ ಕಡತವನ್ನು ಏರಿಸಿ, ಅದರ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು, ಸರ್ವರ್ ಅದನ್ನು ಓಡಿಸುವಂತೆ ಮಾಡಿದರೆ ಇಡೀ ತಾಣ ಅವನ ಕೈಗೆ ಹೋಗುತ್ತದೆ. ವಿಸ್ತರಣೆಯ ಪಟ್ಟಿಯಿಂದ ಪಿಎಚ್‌ಪಿಯನ್ನು ಹೊರಗಿಟ್ಟರೆ ಸಾಕೆಂದು ತೋರಬಹುದು. ಆದರೆ ಒಂದೇ ಹೆಸರಿನಲ್ಲಿ ಎರಡು ಚುಕ್ಕೆಗಳು ಬಂದು, ಮೊದಲು ಪಿಎಚ್‌ಪಿ ಆಮೇಲೆ ಟಿಎಕ್ಸ್‌ಟಿ ಎಂದಿದ್ದರೆ, ಕೆಲವು ಬಗೆಯಲ್ಲಿ ಸಂರಚಿಸಿದ ಸರ್ವರ್‌ಗಳು ಕೊನೆಯದನ್ನು ಬಿಟ್ಟು ಮೊದಲನೆಯದನ್ನೇ ಗಣನೆಗೆ ತೆಗೆದುಕೊಳ್ಳುತ್ತವೆ. 2020ರ ನವೆಂಬರ್‌ನಲ್ಲಿ ಡ್ರೂಪಲ್‌ನ ಭದ್ರತಾ ತಂಡ ಇದೇ ದೋಷದ ಬಗ್ಗೆ ಎಚ್ಚರಿಕೆ ಹೊರಡಿಸಿತು: ಕೆಲವು ಹೆಸರುಗಳನ್ನು ವ್ಯವಸ್ಥೆ ಸರಿಯಾಗಿ ಶುದ್ಧಗೊಳಿಸದಿದ್ದುದರಿಂದ ಕಡತ ತಪ್ಪು ವಿಸ್ತರಣೆಯದೆಂದು ಗ್ರಹಿಸಲ್ಪಟ್ಟು, ಕೆಲವು ಸರ್ವರ್‌ಗಳಲ್ಲಿ ಪಿಎಚ್‌ಪಿಯಾಗಿ ಓಡುವ ಸಾಧ್ಯತೆ ಇತ್ತು. ಅದಕ್ಕೂ ಮೊದಲು, 2016ರ ಮೇ ತಿಂಗಳಲ್ಲಿ, ಚಿತ್ರಗಳ ಗಾತ್ರ ಬದಲಿಸಲು ಅಸಂಖ್ಯ ತಾಣಗಳು ಬಳಸುತ್ತಿದ್ದ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಗಂಭೀರ ದೋಷವೊಂದು ಬಯಲಾಯಿತು. ಹೆಸರಿನಲ್ಲಿ ಜೆಪಿಜಿ ಎಂದಿದ್ದರೂ ಇಮೇಜ್‌ಮ್ಯಾಜಿಕ್ ಒಳಗನ್ನು ನೋಡಿ ಫಾರ್ಮ್ಯಾಟನ್ನು ತಾನೇ ನಿರ್ಧರಿಸುತ್ತಿತ್ತು. ಒಳಗೆ ಚಿತ್ರದ ಬದಲು ಆಜ್ಞೆಗಳನ್ನು ಬರೆದ ಕಡತ ಬಂದಾಗ ಆ ಆಜ್ಞೆಗಳು ಸರ್ವರ್‌ನಲ್ಲೇ ನಡೆದುಬಿಡುತ್ತಿದ್ದವು. ಹೆಸರನ್ನು ನಂಬಿದ ಕಾವಲುಗಾರ, ಒಡಲನ್ನು ನಂಬಿದ ಕೆಲಸಗಾರ, ಇಬ್ಬರ ನಡುವಿನ ಬಿರುಕಿನಲ್ಲಿ ದಾಳಿಕೋರ ನುಸುಳುತ್ತಿದ್ದ.

ಎಸ್‌ವಿಜಿ ಎಂಬ ಚಿತ್ರ ಫಾರ್ಮ್ಯಾಟಿನ ಕಥೆ ಇದಕ್ಕಿಂತ ಭಿನ್ನ. ಅದು ಬಿಂದುಗಳ ಬದಲು ರೇಖೆಗಳ ವರ್ಣನೆಯನ್ನು ಎಕ್ಸ್‌ಎಂಎಲ್ ಬರಹವಾಗಿ ಇಟ್ಟುಕೊಳ್ಳುವುದರಿಂದ ಲಾಂಛನ, ನಕಾಶೆಗಳಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಅದೇ ಬರಹದೊಳಗೆ ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಸೇರಿಸುವುದಕ್ಕೂ ಅವಕಾಶವಿದೆ. ಈ ಕಾರಣದಿಂದ ವರ್ಡ್‌ಪ್ರೆಸ್ ಅದನ್ನು ಮೂಲ ಪಟ್ಟಿಯಲ್ಲಿ ಸೇರಿಸಿಲ್ಲ. ಲಾಂಛನ ಏರಿಸಲಾಗದೆ ಬೇಸತ್ತ ಎಷ್ಟೋ ತಾಣಗಳವರು ನಾಲ್ಕು ಸಾಲಿನ ಕೋಡ್ ಹುಡುಕಿ ತಂದು ಅಂಟಿಸಿ, ಎಲ್ಲ ಲೇಖಕರಿಗೂ ಎಲ್ಲ ಎಸ್‌ವಿಜಿಗಳಿಗೂ ಬಾಗಿಲು ತೆರೆದುಬಿಡುವುದು ರೂಢಿಯಾಗಿದೆ. ಒಳಗಿನ ಸ್ಕ್ರಿಪ್ಟ್ ತೆಗೆದುಹಾಕುವ ಶೋಧಕವನ್ನು ಜೊತೆಗಿಡದೆ ಹೀಗೆ ಮಾಡುವುದು ತಪ್ಪು. ಪಟ್ಟಿಯ ಹಿಂದೆ ಇನ್ನೆರಡು ರಕ್ಷಣೆಗಳೂ ಬೇಕು. ಅಪ್‌ಲೋಡ್ ಆದ ಕಡತಗಳ ಫೋಲ್ಡರ್‌ನಲ್ಲಿ ಯಾವ ಕೋಡೂ ಓಡದಂತೆ ಸರ್ವರ್‌ಗೆ ಕಟ್ಟಪ್ಪಣೆ ಇರುವುದು ಒಂದು. ಸರ್ವರ್ ಹೇಳಿದ ಪ್ರಕಾರವನ್ನು ಬಿಟ್ಟು ಬ್ರೌಸರ್ ತಾನಾಗಿ ಊಹೆ ಮಾಡಬಾರದೆಂದು ‘ನೋಸ್ನಿಫ್’ ಎಂಬ ಸೂಚನೆಯನ್ನು ಪ್ರತಿ ಉತ್ತರದ ಜೊತೆ ಕಳುಹಿಸುವುದು ಇನ್ನೊಂದು.

ಈಗ ಎರಡನೆಯ ಪ್ರಶ್ನೆಗೆ ಬರಬಹುದು. ಡ್ರೂಪಲ್‌ನಲ್ಲಿ ಮಾಧ್ಯಮ ಪ್ರಕಾರಗಳ ವ್ಯವಸ್ಥೆ ತಂತ್ರಾಂಶದ ಮೂಲಭಾಗಕ್ಕೆ ಸೇರಿದ್ದು 2017ರಲ್ಲಿ. ಅದಕ್ಕೂ ಮೊದಲು ಚಿತ್ರವೆಂದರೆ ಯಾವುದೋ ಲೇಖನಕ್ಕೆ ಅಂಟಿದ ಕಡತ ಮಾತ್ರವಾಗಿತ್ತು. ಅದೇ ಚಿತ್ರ ಇನ್ನೊಂದು ಲೇಖನಕ್ಕೆ ಬೇಕಾದರೆ ಮತ್ತೊಮ್ಮೆ ಏರಿಸುವುದೇ ಸಾಮಾನ್ಯ ರೂಢಿಯಾಗಿತ್ತು. ಈಗ ಚಿತ್ರ, ಧ್ವನಿ, ವಿಡಿಯೋ, ದಾಖಲೆ ಮತ್ತು ಯೂಟ್ಯೂಬ್‌ನಂತಹ ಹೊರತಾಣದಲ್ಲಿರುವ ದೂರದ ವಿಡಿಯೋ ಎಂಬ ಐದು ಪ್ರಕಾರಗಳು ಸಿದ್ಧವಾಗಿಯೇ ಬರುತ್ತವೆ. ಬೇಕಾದವರು ಹೊಸದನ್ನು ಸೃಷ್ಟಿಸಿಕೊಳ್ಳಬಹುದು. ಪ್ರತಿಯೊಂದು ಪ್ರಕಾರಕ್ಕೂ ಒಂದು ಮೂಲ, ಅಂದರೆ ವಸ್ತು ಎಲ್ಲಿಂದ ಬರುತ್ತದೆ ಎಂಬುದರ ವಿವರಣೆ, ಮತ್ತು ತನ್ನದೇ ಆದ ಮಾಹಿತಿಯ ಕ್ಷೇತ್ರಗಳು ಇರುತ್ತವೆ. ಪ್ರಕಾರವನ್ನು ಒಮ್ಮೆ ಸೃಷ್ಟಿಸಿದ ಮೇಲೆ ಅದರ ಮೂಲವನ್ನು ಬದಲಿಸಲು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಸಾವಿರ ವಿಡಿಯೋಗಳನ್ನು ಸ್ವಂತ ಕಡತಗಳಾಗಿ ಸೇರಿಸಿದ ಸಂಸ್ಥೆ ಮುಂದೆ ಯೂಟ್ಯೂಬ್‌ಗೆ ಹೋಗಬೇಕೆಂದರೆ ಹೊಸ ಪ್ರಕಾರವನ್ನು ಸೃಷ್ಟಿಸಿ ಎಲ್ಲವನ್ನೂ ಸಾಗಿಸಬೇಕಾಗುತ್ತದೆ.

ಕನ್ನಡದ ಹಳೆಯ ಪುಸ್ತಕಗಳನ್ನೂ ಲೇಖಕರ ಛಾಯಾಚಿತ್ರಗಳನ್ನೂ ಜಾಲಕ್ಕೆ ತರಲು ಹೊರಟ ಒಂದು ಗ್ರಂಥಾಲಯವನ್ನು ಊಹಿಸಿಕೊಂಡರೆ ಪ್ರಕಾರ ಮತ್ತು ಫಾರ್ಮ್ಯಾಟಿನ ಅಂತರ ಸ್ಪಷ್ಟವಾಗುತ್ತದೆ. ಲೇಖಕರ ಭಾವಚಿತ್ರವೂ ಜೆಪೆಗ್, ಹಸ್ತಪ್ರತಿಯ ಪುಟದ ಸ್ಕ್ಯಾನ್ ಕೂಡ ಜೆಪೆಗ್. ಎರಡನ್ನೂ ‘ಚಿತ್ರ’ ಎಂಬ ಒಂದೇ ಪ್ರಕಾರಕ್ಕೆ ಹಾಕುವುದು ಸುಲಭ, ಆದರೆ ಭಾವಚಿತ್ರಕ್ಕೆ ಬೇಕಾದದ್ದು ತೆಗೆದವರು ಯಾರು, ಚಿತ್ರದಲ್ಲಿರುವವರು ಯಾರು, ಹಕ್ಕು ಯಾರದು ಎಂಬ ವಿವರ; ಹಸ್ತಪ್ರತಿಗೆ ಬೇಕಾದದ್ದು ಪ್ರತಿಯ ಹೆಸರು, ಗರಿ ಅಥವಾ ಪುಟದ ಸಂಖ್ಯೆ, ಮುಂಬದಿಯೋ ಹಿಂಬದಿಯೋ ಎಂಬ ಗುರುತು, ಅದರ ಪಠ್ಯ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಾಗಿ ಡ್ರೂಪಲ್ ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯವನ್ನು ಕಡ್ಡಾಯವಾಗಿ ಕೇಳುತ್ತದೆ; ಭಾವಚಿತ್ರಕ್ಕೆ ಒಂದು ವಾಕ್ಯ ಸಾಕು, ಹಸ್ತಪ್ರತಿಯ ಪುಟಕ್ಕೆ ಆ ಒಂದು ವಾಕ್ಯ ಏನನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಇಲ್ಲಿ ಎರಡು ಪ್ರಕಾರಗಳು ಬೇಕು, ಎರಡರ ಅನುಮತಿಪಟ್ಟಿಯಲ್ಲೂ ಅದೇ ಜೆಪೆಗ್ ಇದ್ದರೂ. ಇದಕ್ಕೆ ವ್ಯತಿರಿಕ್ತವಾಗಿ, ಉಪನ್ಯಾಸದ ಧ್ವನಿಮುದ್ರಣ ಎಂಪಿ3 ಆಗಿರಲಿ, ವೇವ್ ಆಗಿರಲಿ, ಕೇಳಬೇಕಾದ ಪ್ರಶ್ನೆಗಳು ಒಂದೇ ಆದ್ದರಿಂದ ಪ್ರಕಾರ ಒಂದೇ ಸಾಕು. ಫಾರ್ಮ್ಯಾಟಿಗೊಂದರಂತೆ ಪ್ರಕಾರ ಸೃಷ್ಟಿಸಿ, ‘ಪಿಡಿಎಫ್’, ‘ಎಂಪಿ3’ ಎಂದು ಹೆಸರಿಟ್ಟ ತಾಣಗಳಲ್ಲಿ ಎರಡೇ ವರ್ಷಕ್ಕೆ ಯಾವುದು ಎಲ್ಲಿದೆ ಎಂದು ಸಂಪಾದಕರಿಗೇ ತಿಳಿಯದಂತಾಗುತ್ತದೆ.

ಗಾತ್ರದ ಮಿತಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸಿಎಂಎಸ್‌ನಲ್ಲಿ 50 ಎಂಬಿ ಎಂದು ಬರೆದರೂ, ಪಿಎಚ್‌ಪಿ ತಾನಾಗಿ ಬಿಡುವುದು ಕಡತಕ್ಕೆ 2 ಎಂಬಿ ಮತ್ತು ಒಟ್ಟು ಕೋರಿಕೆಗೆ 8 ಎಂಬಿ, ಎನ್‌ಜಿನ್‌ಎಕ್ಸ್ ಸರ್ವರ್ ಬಿಡುವುದು 1 ಎಂಬಿ. ಇವುಗಳಲ್ಲಿ ಅತಿ ಚಿಕ್ಕದೇ ಕೊನೆಯ ಮಾತು. ಏರದ ಕಡತದ ಬಗ್ಗೆ 413 ಎಂಬ ಸಂಖ್ಯೆಯ ಉತ್ತರ ಬಂದರೆ ಸಿಎಂಎಸ್‌ನಲ್ಲಿ ಹುಡುಕದೆ ಸರ್ವರ್‌ನ ಸಂರಚನೆಯನ್ನು ನೋಡಬೇಕು.

ಒಳಗೆ ಬಂದದ್ದೇ ಹೊರಗೂ ಹೋಗಬೇಕೆಂದಿಲ್ಲ ಎಂಬ ತಿಳಿವು ಈಚಿನ ವ್ಯವಸ್ಥೆಗಳಲ್ಲಿ ಗಟ್ಟಿಯಾಗುತ್ತ ಬಂದಿದೆ. ವರ್ಡ್‌ಪ್ರೆಸ್ 2019ರಿಂದ, ಅಗಲ ಅಥವಾ ಎತ್ತರದಲ್ಲಿ 2560 ಪಿಕ್ಸೆಲ್ ಮೀರಿದ ಚಿತ್ರವನ್ನು ಆ ಮಿತಿಗೆ ಇಳಿಸಿದ ಪ್ರತಿಯನ್ನು ಮಾಡಿಕೊಂಡು ಅದನ್ನೇ ಬಡಿಸುತ್ತದೆ, ಮೂಲವನ್ನು ಪಕ್ಕದಲ್ಲಿ ಉಳಿಸಿಕೊಳ್ಳುತ್ತದೆ. ಕಡಿಮೆ ಗಾತ್ರದಲ್ಲಿ ಅದೇ ಗುಣಮಟ್ಟ ಕೊಡುವ ವೆಬ್‌ಪಿಗೆ 2021ರಲ್ಲೂ ಎವಿಐಎಫ್‌ಗೆ 2024ರಲ್ಲೂ ಅದು ಬಾಗಿಲು ತೆರೆಯಿತು. ಐಫೋನ್‌ಗಳು 2017ರಿಂದ ಚಿತ್ರಗಳನ್ನು ಎಚ್‌ಇಐಸಿ ಎಂಬ ಫಾರ್ಮ್ಯಾಟಿನಲ್ಲಿ ಉಳಿಸತೊಡಗಿದ್ದರಿಂದ, ವರದಿಗಾರ ಸ್ಥಳದಿಂದ ಕಳುಹಿಸಿದ ಚಿತ್ರವನ್ನು ತಾಣ ತಿರಸ್ಕರಿಸುವುದು ಸುದ್ದಿಮನೆಗಳ ನಿತ್ಯದ ಗೋಳಾಗಿತ್ತು. 2024ರ ನವೆಂಬರ್‌ನಲ್ಲಿ ಬಂದ ಆವೃತ್ತಿಯಿಂದ, ಸರ್ವರ್‌ಗೆ ಆ ಸಾಮರ್ಥ್ಯ ಇದ್ದರೆ, ವರ್ಡ್‌ಪ್ರೆಸ್ ಅದನ್ನು ತಾನೇ ಜೆಪೆಗ್‌ಗೆ ಬದಲಿಸಿಕೊಳ್ಳುತ್ತದೆ. ಮೂಲವನ್ನು ಉಳಿಸಿಕೊಳ್ಳುವಾಗ ಒಂದು ಎಚ್ಚರ ಬೇಕು. ಫೋನಿನಲ್ಲಿ ತೆಗೆದ ಚಿತ್ರದ ಒಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ದಾಖಲಾಗಿರಬಹುದು. ಹೆಸರು ಮರೆಮಾಚಿ ಬರೆದ ವರದಿಯ ಜೊತೆಗಿನ ಚಿತ್ರದ ಮೂಲಪ್ರತಿ ಸಾರ್ವಜನಿಕ ಫೋಲ್ಡರ್‌ನಲ್ಲಿ ಬಿದ್ದಿದ್ದರೆ ಆ ಮರೆಮಾಚುವಿಕೆಗೆ ಅರ್ಥವಿರುವುದಿಲ್ಲ. ಡ್ರೂಪಲ್‌ನಲ್ಲಿ ಸಾರ್ವಜನಿಕ ಮತ್ತು ಖಾಸಗಿ ಎಂಬ ಎರಡು ಕಡತಕೋಠಿಗಳಿರುವುದು ಇಂತಹ ಸಂದರ್ಭಗಳಿಗೆ ಒದಗುತ್ತದೆ.

ಅನುಮತಿಪಟ್ಟಿ ಹೇಗೆ ಒಂದು ನಿಲುವಾಗಬಲ್ಲುದು ಎಂಬುದಕ್ಕೆ ವಿಕಿಮೀಡಿಯಾ ಕಾಮನ್ಸ್‌ಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ವಿಕಿಪೀಡಿಯಾದ ಚಿತ್ರ, ಧ್ವನಿ, ವಿಡಿಯೋಗಳ ಈ ಸಮಾನ ಭಂಡಾರ, ಪೇಟೆಂಟ್‌ಗಳ ಹಂಗಿಲ್ಲದೆ ಯಾರು ಬೇಕಾದರೂ ತೆರೆಯಬಲ್ಲ ಫಾರ್ಮ್ಯಾಟ್‌ಗಳನ್ನು ಮಾತ್ರ ಸ್ವೀಕರಿಸುತ್ತದೆ. ಎಲ್ಲ ಫೋನುಗಳಲ್ಲೂ ಹುಟ್ಟುವ ಎಂಪಿ4 ವಿಡಿಯೋವನ್ನು ಸೇರಿಸಿಕೊಳ್ಳೋಣವೇ ಎಂದು 2014ರಲ್ಲಿ ವಿಕಿಮೀಡಿಯಾ ಸಂಸ್ಥೆ ತನ್ನ ಬಳಕೆದಾರರ ಸಮುದಾಯವನ್ನು ಕೇಳಿದಾಗ ಸಮುದಾಯ ಒಪ್ಪಲಿಲ್ಲ. ಎಂಪಿ3ಗೂ ಅದರ ಪೇಟೆಂಟ್‌ಗಳ ಅವಧಿ 2017ರಲ್ಲಿ ಮುಗಿದ ನಂತರವೇ ಜಾಗ ಸಿಕ್ಕಿತು. ಇದರಿಂದ ಸಾಮಾನ್ಯ ಬಳಕೆದಾರನಿಗೆ ತೊಂದರೆಯಿದೆ ಎಂಬುದು ನಿಜ, ಫೋನಿನ ವಿಡಿಯೋವನ್ನು ವೆಬ್‌ಎಂಗೆ ಬದಲಿಸಿಯೇ ಏರಿಸಬೇಕು. ಆದರೂ ಯಾವ ಕಂಪನಿಯ ಕೃಪೆಯೂ ಬೇಡದ ಭಂಡಾರವೊಂದು ಇರಬೇಕಾದರೆ ಈ ತೊಂದರೆ ದುಬಾರಿಯೇನಲ್ಲ. ಕಾಮನ್ಸ್‌ನಲ್ಲಿರುವ ಪಿಡಿಎಫ್ ಮತ್ತು ಡೇಜಾವು ಫಾರ್ಮ್ಯಾಟಿನ ಪುಸ್ತಕಗಳ ಸ್ಕ್ಯಾನ್‌ಗಳನ್ನೇ ಆಧಾರವಾಗಿಟ್ಟುಕೊಂಡು ಕನ್ನಡ ವಿಕಿಸೋರ್ಸ್‌ನಲ್ಲಿ ಪುಟವನ್ನೂ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಕರಡು ತಿದ್ದುವ ಕೆಲಸ ನಡೆಯುತ್ತದೆ.

ಕನ್ನಡಕ್ಕೆ ವಿಶೇಷವಾದ ಎರಡು ತೊಡಕುಗಳನ್ನು ಯಾವ ಪಟ್ಟಿಯೂ ಹಿಡಿಯಲಾರದು. ನುಡಿ, ಬರಹ ಮುಂತಾದ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ, ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾರ್ಮ್ಯಾಟ್ ಸರಿ, ಮೈಮ್ ಸರಿ, ಗುರುತಿನ ಬೈಟ್‌ಗಳೂ ಸರಿ, ಆದರೆ ತಾಣದ ಹುಡುಕುಪೆಟ್ಟಿಗೆಯಲ್ಲಿ ಕನ್ನಡ ಪದ ಬರೆದರೆ ಅದು ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶಕ್ಕೆ ಅದು ಅರ್ಥವಾಗುವುದಿಲ್ಲ. ದಾಖಲೆಯ ಪ್ರಕಾರದಲ್ಲಿ ‘ಪಠ್ಯ ಯೂನಿಕೋಡ್‌ನಲ್ಲಿದೆಯೇ’ ಎಂಬ ಕ್ಷೇತ್ರವೊಂದನ್ನು ಸೇರಿಸಿ, ಏರಿಸುವವರಿಂದಲೇ ಉತ್ತರ ಬರೆಯಿಸುವುದಷ್ಟೇ ಇದಕ್ಕಿರುವ ಪ್ರಾಯೋಗಿಕ ದಾರಿ. ಎರಡನೆಯದು ಹೆಸರಿನ ಉದ್ದ. ಲಿನಕ್ಸ್ ಸರ್ವರ್‌ಗಳಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಪ್ರತಿ ಅಕ್ಷರ ಒಂದು ಬೈಟ್ ತೆಗೆದುಕೊಂಡರೆ ಯೂನಿಕೋಡ್ ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ಬೇಡುತ್ತದೆ. ‘ಕರ್ನಾಟಕ’ ಎಂಬ ಪದದಲ್ಲಿ ಹಲಂತ ಚಿಹ್ನೆಯನ್ನೂ ದೀರ್ಘವನ್ನೂ ಲೆಕ್ಕಕ್ಕೆ ಹಿಡಿದು ಏಳು ಸಂಕೇತಗಳು, ಅಂದರೆ 21 ಬೈಟ್. ಅದೇ ಹೆಸರು ಜಾಲವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಸಾಲಾಗಿ ಬದಲಾದಾಗ 63 ಅಕ್ಷರ. ಲೇಖನದ ಶೀರ್ಷಿಕೆಯನ್ನೇ ಕಡತದ ಹೆಸರಾಗಿಸುವ ಅಭ್ಯಾಸವಿರುವಲ್ಲಿ 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ಹೆಸರನ್ನು ರೋಮನ್ ಲಿಪಿಗೆ ಇಳಿಸಿಕೊಳ್ಳುವ ಆಯ್ಕೆ ಡ್ರೂಪಲ್‌ನಲ್ಲಿದೆ. ಕಡತಕ್ಕೆ ಚಿಕ್ಕ ರೋಮನ್ ಹೆಸರು, ಶೀರ್ಷಿಕೆಯ ಕ್ಷೇತ್ರದಲ್ಲಿ ಪೂರ್ಣ ಕನ್ನಡ ಎಂಬ ಏರ್ಪಾಡು ಸದ್ಯಕ್ಕೆ ಹೆಚ್ಚು ಕ್ಷೇಮ.

ಪಟ್ಟಿಯನ್ನು ಎಷ್ಟೇ ಬಿಗಿಗೊಳಿಸಿದರೂ ಅದು ಕೆಲಸ ಮಾಡುವುದು ಕಡತ ಒಳಗೆ ಬರುವ ಕ್ಷಣದಲ್ಲಿ ಮಾತ್ರ. ಇಂದು ಒಂದು ವಿಸ್ತರಣೆಯನ್ನು ತೆಗೆದುಹಾಕಿದರೆ ನಾಳೆಯಿಂದ ಅಂತಹ ಕಡತ ಬರುವುದು ನಿಲ್ಲುತ್ತದೆ, ನಿನ್ನೆಯವರೆಗೆ ಬಂದವು ಇದ್ದಲ್ಲೇ ಇರುತ್ತವೆ. 2020ರ ಎಚ್ಚರಿಕೆಯಲ್ಲಿ ಡ್ರೂಪಲ್ ತಂಡ ತಂತ್ರಾಂಶವನ್ನು ನವೀಕರಿಸಿ ಎಂದಷ್ಟೇ ಹೇಳದೆ, ಈಗಾಗಲೇ ಏರಿಸಿರುವ ಕಡತಗಳಲ್ಲಿ ಎರಡೆರಡು ವಿಸ್ತರಣೆಯ ಹೆಸರುಗಳಿವೆಯೇ ಎಂದು ಹುಡುಕಿ ನೋಡಬೇಕೆಂದು ಸಲಹೆ ಮಾಡಿದ್ದು ಈ ಕಾರಣಕ್ಕೇ. ಅಪಾಯವಿಲ್ಲದಿದ್ದರೂ ಇದೇ ಮಾತು ಅನ್ವಯಿಸುತ್ತದೆ. ಅಡೋಬಿ ಕಂಪನಿ 2020ರ ಡಿಸೆಂಬರ್ 31ರಂದು ತನ್ನ ಫ್ಲ್ಯಾಶ್ ಅನಿಮೇಷನ್ ತಂತ್ರಾಂಶಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿದ ಮೇಲೆ ಬ್ರೌಸರ್‌ಗಳು ಅದನ್ನು ತೆರೆಯುವುದನ್ನು ಬಿಟ್ಟವು, ಆದರೆ ಹತ್ತು ಹದಿನೈದು ವರ್ಷ ತಾಣಗಳಲ್ಲಿ ಸೇರುತ್ತ ಬಂದಿದ್ದ ಫ್ಲ್ಯಾಶ್‌ನ ಎಸ್‌ಡಬ್ಲ್ಯುಎಫ್ ಕಡತಗಳು ಸರ್ವರ್‌ಗಳಲ್ಲಿ ಹಾಗೆಯೇ ಉಳಿದವು. ಹೊಸ ಫಾರ್ಮ್ಯಾಟನ್ನು ಪಟ್ಟಿಗೆ ಸೇರಿಸುವ ದಿನವೇ, ಮುಂದೆ ಅದನ್ನು ಬೇರೊಂದಕ್ಕೆ ಪರಿವರ್ತಿಸುವ ಹೊಣೆ ಯಾರದು, ಅದಕ್ಕೆ ಬೇಕಾದ ಮೂಲಪ್ರತಿ ಎಲ್ಲಿರುತ್ತದೆ ಎಂಬ ಎರಡು ವಿವರಗಳನ್ನು ಮಾಧ್ಯಮ ಪ್ರಕಾರದ ವಿವರಣೆಯ ಜಾಗದಲ್ಲಿ ಬರೆದಿಡುವುದಕ್ಕೆ ಯಾವ ತಂತ್ರಾಂಶವೂ ಅಡ್ಡಿಮಾಡುವುದಿಲ್ಲ. ಆ ಜಾಗ ಬಹುತೇಕ ತಾಣಗಳಲ್ಲಿ ಖಾಲಿಯಾಗಿರುತ್ತದೆ.